ನಾ ಫ್ರೀ ಇಲ್ಲ

ಅತ್ತೀ,

ಇವತ್ತು ಒಂಬತ್ತನೇ ತರಗತಿಯ ಪಾಠದಲ್ಲಿ ‘ಫ್ರೀ’ ಎಂಬ ಪದ ಬಂತು. ಇದನ್ನು ಎಲ್ಲೆಲ್ಲಿ ಕೇಳಿದ್ದೀರಿ ಹೇಳಿ ಎಂದೆ. ಒಬ್ಬಳು ಬಸ್ಸು ಎಂದಳು, ಒಬ್ಬ ಫ್ರೀ ಹಿಟ್ ಎಂದ, ಹಿಂದಿನ ಬೆಂಚಿನಿಂದ “ಫ್ರೀ ಪಿರಿಯಡ್ ಕೊಡ್ರಿ ಮಿಸ್” ಎಂದು ಒಂದು ದನಿ ಬಂತು. ಎಲ್ಲರೂ ನಕ್ಕರು. ನಾನು ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟೆ. ಆ ಪದವನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ನಿನ್ನಿಂದ. ಅದನ್ನು ಆ ಮಕ್ಕಳಿಗೆ ಹೇಗೆ ಹೇಳಲಿ...

ಮನಗೂಳಿಯ ಮನೆಯಲ್ಲಿ ಅದನ್ನು ಮೊದಲು ಕೇಳಿದ್ದೇ ನಿನ್ನ ಹೆಸರಿನ ಜೊತೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತವರಿಗೆ ಬಂದವಳು ನೀನು, ಮಕ್ಕಳಿಲ್ಲ. ಮಂದಿಗೆ ಅಷ್ಟು ಸಾಕಾಗಿತ್ತು. ಯಾರದೋ ಬಾಣಂತನ, ಯಾರದೋ ಮದುವೆಯ ಅಡುಗೆ, ಆಸ್ಪತ್ರೆಯಲ್ಲಿ ಯಾರದೋ ಮಂಚದ ಪಕ್ಕ ಕೂರುವುದು. ಫೋನು ಬಂದರೆ ನಿನ್ನನ್ನು ಒಂದು ಮಾತೂ ಕೇಳದೆ ಅಪ್ಪ ಹೇಳುತ್ತಿದ್ದ, “ನಮ್ಮ ನೀಲವ್ವನ್ನ ಕಳಸ್ತೇನಿ ತಗೋರಿ. ಅಕಿ ಫ್ರೀನ ಅದಾಳ.” ನಸುಕಿನಿಂದ ರೊಟ್ಟಿ ಬಡಿಯುತ್ತಿದ್ದವಳು, ನನ್ನ ಜಡೆ ಹೆಣೆದು ಸಾಲೆಗೆ ಕಳಿಸುತ್ತಿದ್ದವಳು, ದನದ ಕೊಟ್ಟಿಗೆಯ ಸಗಣಿಯನ್ನೂ ಬಳಿಯುತ್ತಿದ್ದವಳು. ನೀನು ಯಾವ ಹೊತ್ತಿನಲ್ಲಿ ಫ್ರೀ ಇದ್ದೆ, ಅತ್ತೀ?

ನಿನ್ನನ್ನು ಡಾಕ್ಟರಿಗೆ ತೋರಿಸಲು ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದೆನಲ್ಲ, ಆವತ್ತು ಅವರು “ಮೋಶನ್ ಫ್ರೀ ಐತೇನ್ರಿ?” ಎಂದು ಕೇಳಿದರು. ನೀನು ನನ್ನ ಮುಖ ನೋಡಿದೆ. ಹೊಟ್ಟೆಯ ವಿಷಯ ಎಂದು ತಿಳಿದ ಕೂಡಲೇ ಸೆರಗು ಬಾಯಿಗೊತ್ತಿ ನಗತೊಡಗಿದೆ. ಹೊರಗೆ ಬಂದ ಮೇಲೂ ನಗು ನಿಲ್ಲಲಿಲ್ಲ. “ಈ ಒಂದ ಶಬ್ದಕ್ಕ ಎಷ್ಟ ಅರ್ಥ ಅದಾವವಾ?” ಎಂದೆ ನೀನು. ನಾನು ಹೇಳುತ್ತ ಹೋದೆ. ಸೋಪಿನ ಜೊತೆ ಬಕೆಟ್ಟು ಫ್ರೀ ಅಂದರೆ ಬಿಟ್ಟಿ. ಸೀಟು ಫ್ರೀ ಅಂದರೆ ಖಾಲಿ. ಮನುಷ್ಯರು ಫ್ರೀ ಅಂದರೆ ಕೆಲಸವಿಲ್ಲದವರು. ದೇಶ ಫ್ರೀ ಆಯಿತು ಅಂದರೆ ಯಾರ ಕೈಕೆಳಗೂ ಇಲ್ಲ ಎಂದು. ನಿನ್ನ ನಗು ನಿಂತಿತು. “ಹಂಗಾರ ಅಣ್ಣ ನಂಗ ಯಾವ ಅರ್ಥದಾಗ ಅಂತಾನ? ಬಿಟ್ಟಿ? ಖಾಲಿ? ಕೆಲಸಿಲ್ಲದಾಕಿ?” ಕೊನೆಯ ಅರ್ಥವನ್ನು ನೀನು ಬಾಯಿಗೇ ತರಲಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಆದ ವರ್ಷ ನೀನು ಮೊದಲ ಸಲ ಯಾರ ಕೆಲಸಕ್ಕೂ ಅಲ್ಲದೆ ಮನೆ ಬಿಟ್ಟು ಹೊರಟೆ. ಸಿಂದಗಿ ನೋಡಿ ಬಂದೆ. ಇಂಡಿಗೆ ಹೋಗಿ ಚೀಲದ ತುಂಬ ಲಿಂಬೆಹಣ್ಣು ತಂದು ಓಣಿಗೆಲ್ಲ ಹಂಚಿದೆ. ಹೇಳದೆ ಕೇಳದೆ ಮುದ್ದೇಬಿಹಾಳದ ನನ್ನ ಬಾಡಿಗೆ ಕೋಣೆಗೆ ಬಂದು ಚಹಾ ಕುಡಿದು ಹೋದೆ. “ಫ್ರೀ ಅಂದಕೂಡ್ಲೆ ಊರ ತಿರಗಾಕ ಹೊಂಟ್ರಿ ನೋಡ್ರಿ” ಎಂದ ಕಂಡಕ್ಟರನಿಗೆ ನೀನು ಕೊಟ್ಟ ಉತ್ತರವನ್ನು ನೀನೇ ನನಗೆ ಹೇಳಿದ್ದೆ. “ಇಷ್ಟ ವರ್ಷ ನಾವು ಫ್ರೀ ದುಡದೇವಲ್ಲ ತಮ್ಮಾ, ಆವಾಗ ಯಾರಿಗೂ ಹೊಟ್ಟಿ ಉರೀಲಿಲ್ಲ. ಹರಿ ಟಿಕೆಟ್.” ಇಡೀ ಬಸ್ಸು ನಕ್ಕಿತಂತೆ! ಊರು ಮಾತ್ರ ನಗಲಿಲ್ಲ. “ನೀಲವ್ವ ಭಾಳ ಫ್ರೀ ಆಗ್ಯಾಳ” ಎಂದು ಕಟ್ಟೆಯ ಮೇಲೆ ಕುಳಿತವರು ಮಾತಾಡಿಕೊಂಡರು. ಆ ಅರ್ಥವನ್ನು ನಾನು ನಿನಗೆ ಹೇಳಿರಲಿಲ್ಲ. ಹೇಳದೆಯೇ ನಿನಗೆ ತಿಳಿಯಿತು.

ಆ ಭಾನುವಾರ ನಾನೂ ಮನೆಯಲ್ಲಿದ್ದೆ. ಚಿಕ್ಕಪ್ಪ-ಕಾಕುವಿನ ಮಗನ ಮದುವೆ ಗೊತ್ತಾಗಿತ್ತು. ಅಪ್ಪ ಫೋನು ಕೆಳಗಿಟ್ಟು, “ನಾಳಿಂದ ಕಾಕು ಮನ್ಯಾಗ ಅಡಗಿಗೆ ಹೋಗು” ಎಂದ. ನೀನು ಹಿಟ್ಟಿನ ಕೈ ತೊಳೆದುಕೊಂಡು ಬಂದೆ.

“ಆಗೂದಿಲ್ಲಣ್ಣಾ. ನಾ ಫ್ರೀ ಇಲ್ಲ.”

“ಏನಂದಿ?”

“ಬಾಗೇವಾಡ್ಯಾಗ ಗೌರಕ್ಕನ ಖಾನಾವಳ್ಯಾಗ ಕೆಲಸಕ್ಕ ಬರ್ತೇನಿ ಅಂತ ಹೇಳೇನಿ. ಮದುವಿಗೆ ಬರ್ತೇನಿ. ಪಂಕ್ತಿಗೆ ಕುಂದರ್ತೇನಿ, ಒಲಿ ಮುಂದ ಅಲ್ಲ.”

“ನನ್ನ ತಂಗಿ ಖಾನಾವಳ್ಯಾಗ ರೊಟ್ಟಿ ಬಡದ್ರ ಮಂದಿ ಏನಂದಾರು? ನಿನ್ನ ಇಷ್ಟ ಫ್ರೀ ಬಿಟ್ಟಿದ್ದ ನಂದ ತಪ್ಪಾತು. ಹೋದ್ರ ಮತ್ತ ಈ ಹೊಸ್ತಲಾ ತುಳೀಬ್ಯಾಡ.”

“ನನ್ನ ಬಿಡಾಕ ನೀ ಯಾವಾಗ ಹಿಡದಿದ್ದಿ ಅಣ್ಣಾ?”

ಅಷ್ಟೇ. ನೀನು ದನಿ ಏರಿಸಲಿಲ್ಲ, ಅಳಲಿಲ್ಲ. ನಿನ್ನ ಚೀಲ ನಾನು ಹೊತ್ತುಕೊಂಡೆ. ಬಸ್‌ಸ್ಟ್ಯಾಂಡಿನವರೆಗೂ ಇಬ್ಬರೂ ನಡೆದು ಹೋದೆವು. ಬಸ್ಸು ಹೊರಟಾಗ ಕಿಟಕಿಯಿಂದ ನನ್ನ ಕೈ ಒತ್ತಿದೆ.

ಬಾಗೇವಾಡಿಯಲ್ಲಿ ಖಾನಾವಳಿಯ ಹಿಂದಿನ ಆ ಸಣ್ಣ ಕೋಣೆಗೆ ನಾನು ಮೊದಲು ಬಂದಾಗ ನೀನು ಊಟ ಮಾಡುತ್ತ ಕುಳಿತಿದ್ದೆ. ಎಲ್ಲರದೂ ಆದ ಮೇಲೆ ಉಳಿದ ತಣ್ಣನೆಯ ರೊಟ್ಟಿಯಲ್ಲ, ಆಗತಾನೆ ಹಂಚಿನಿಂದ ಇಳಿದದ್ದು, ಮೇಲೆ ಶೇಂಗಾ ಚಟ್ನಿಪುಡಿ. ನೀನು ಬಿಸಿ ರೊಟ್ಟಿ ತಿನ್ನುವುದನ್ನು ಅದಕ್ಕೂ ಮೊದಲು ನಾನು ನೋಡಿಯೇ ಇರಲಿಲ್ಲ. ಗೌರಕ್ಕ ಹೊರಗಿನಿಂದ ಕೂಗಿದಳು, “ನೀಲವ್ವಾರ, ನಿಮ್ಮ ಊಟ ಆಗ್ಲಿ, ಗಿರಾಕಿ ಕುಂದರ್ತಾರ.” ನೀಲವ್ವಾರ! ನಮ್ಮ ಬಳಗದಲ್ಲಿ ನಿನ್ನನ್ನು ಯಾರಾದರೂ ಹಾಗೆ ಕರೆದಿದ್ದರೇ?

ನೀನು ತೀರಿಹೋದ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವಳನ್ನು ಗೌರಕ್ಕನೇ ಆಸ್ಪತ್ರೆಗೆ ಸಾಗಿಸಿದಳು. ನಾನು ಮುಟ್ಟುವಷ್ಟರಲ್ಲಿ... ಅಪ್ಪನೇ ಬಂದು ನಿನ್ನನ್ನು ಮನಗೂಳಿಗೆ ಒಯ್ದ. ಅತ್ತ. ಅವನ ಅಳು ಸುಳ್ಳಲ್ಲ ಎಂದು ನನಗೆ ಗೊತ್ತು. ಆದರೆ ನಿನ್ನ ದಿನದ ಕಾರ್ಯಕ್ಕೆ ಬಳಗ ಸೇರಿದಾಗ ಕಾಕು ನಿಟ್ಟುಸಿರು ಬಿಟ್ಟು, “ಪಾಪ, ಭಾಳ ಕಷ್ಟಪಟ್ಲು. ಕಡೀಗೆ ಫ್ರೀ ಆದ್ಲು ಬಿಡ್ರಿ” ಎಂದಳು. ಎಲ್ಲರೂ ತಲೆಯಾಡಿಸಿದರು. ನನಗೆ ಆಗಲಿಲ್ಲ.

“ಇಲ್ಲ ಕಾಕು. ಸತ್ತು ಫ್ರೀ ಆದಾಕಿ ಅಲ್ಲ ಅಕಿ. ಬಾಗೇವಾಡಿ ಬಸ್ ಹತ್ತಿದ ದಿನಾನ ಆಗಿದ್ಲು. ಕಷ್ಟಪಟ್ಲು ಅಂತೀರಲ್ಲ, ಕೊಟ್ಟಾವರು ಯಾರು?”

“ಸವಿತಾ!” ಎಂದು ಅಪ್ಪ ಗದರಿದ. ನಾನು ಎದ್ದು ನಿಂತೇ ಇದ್ದೆ. ತಪ್ಪಾಯಿತು ಅನ್ನು ಎಂದು ಆಮೇಲೆ ಎಷ್ಟೋ ಜನ ಹೇಳಿಕಳಿಸಿದರು. ಅಂದಿಲ್ಲ. ಅನ್ನುವುದೂ ಇಲ್ಲ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಇವತ್ತು ಸಾಲೆಯಿಂದ ಬಂದರೆ ನನ್ನ ಕೋಣೆಯ ಮೆಟ್ಟಿಲ ಮೇಲೆ ಅವ್ವ ಕುಳಿತಿದ್ದಳು. ಹೌದು, ನಿನ್ನ ವೈನಿ! ಒಬ್ಬಳೇ.

“ಅಪ್ಪ ಎಲ್ಲೆವಾ?”

“ಮನ್ಯಾಗ ಅದಾನ.”

“ಅವಂಗ ಊಟ?”

“ಹಿಟ್ಟಿನ ಡಬ್ಬಿ ತೋರ್ಸಿ ಬಂದೇನಿ.”

ಉಂಡಳು, ಕಾಲು ಚಾಚಿ ನನ್ನ ಮಂಚದ ಮೇಲೆ ಮಲಗಿದಳು. ಸ್ವಲ್ಪ ಹೊತ್ತಿಗೆ ಅಪ್ಪನ ಫೋನು. “ನಿಮ್ಮವ್ವಗ ಕೊಡು” ಎಂದ.

“ಮಲಗ್ಯಾಳ” ಎಂದೆ.

“ಎಬ್ಬಸು.”

“ಎಬ್ಬಸೂದಿಲ್ಲಪ್ಪಾ.”

ಅವನು ಏನೋ ಹೇಳುತ್ತಿದ್ದ. ನಾನು ಫೋನಿಟ್ಟು ಕಿಟಕಿಯ ಪರದೆ ಎಳೆದೆ, ಅವ್ವನ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು.

ನಿನ್ನ
ಸವಿತಾ