ಬಾಗಿಲು ಮುಚ್ಚಿತ್ತು

ಅಣ್ಣನಿಗೆ,

ಎದುರು ನಿಂತರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗದ, ತಪ್ಪಿದ್ದರೆ ತಿದ್ದಿಕೊಂಡು ಓದು.

ಲ್ಯಾಬಿನಲ್ಲಿ ನೀನು ಮೇಲ್ವಿಚಾರಕ, ನಾನು ತಟ್ಟೆ ತೊಳೆಯುವವಳು. ನಿನ್ನೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ನೀನು ಹೇಳಿದೆ: "ಇನ್‌ಕ್ಯುಬೇಟರ್ ಬಾಗ್ಲು ಹಾಕೋದು ಮರ್ತೆ ಅಂತ ಒಂದ್ ಸಾಲು ಬರ್ದುಕೊಡೇ. ನಿನ್ ಗಂಟೇನ್ ಹೋಗುತ್ತೆ? ಸಾಹೇಬ್ರು ಕೆಲಸದಿಂದ ತೆಗಿಯಲ್ಲ ಅಂದಿದಾರೆ." ಬರೆಯದಿದ್ದರೆ ತೆಗೆಯುತ್ತಾರೆ ಎನ್ನುವುದನ್ನು ನೀನು ಹೇಳಲಿಲ್ಲ, ನಿನ್ನ ಮುಖ ಹೇಳಿತು.

ಅಣ್ಣಾ, ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡುವವಳು ನಾನು. ಬಸ್ ಸ್ಟಾಪಿನಿಂದ ವಾಪಸು ಓಡಿಬಂದು ಗ್ಯಾಸ್ ನೋಡುವವಳು. "ಇವಳು ಗಂಡ ಮಲಗಿದ್ರೂ ಬಿಡಲ್ಲ, ಉಸಿರಿದ್ಯಾ ಅಂತ ಮೂಗಿಗೆ ಬೆರಳಿಟ್ಟು ನೋಡ್ತಾಳೆ" ಎಂದು ಎಲ್ಲರನ್ನೂ ನಗಿಸಿದವನು ನೀನೇ ಅಲ್ಲವೇ? ಅಂಥವಳು ಬಾಗಿಲು ಮರೆತಳೇ?

ಕಟ್ಟುಹಲ್ಲಿನ ಆ ಗುಲಾಬಿ ಪ್ಲಾಸ್ಟಿಕ್ಕಿನಲ್ಲಿ ವಿಷವಿದೆಯೇ ಎಂದು ನೋಡಲು ಅದರ ಚೂರುಗಳನ್ನು ಒಂದಿಡೀ ದಿನ ದ್ರವದಲ್ಲಿ ನೆನೆಹಾಕಿದ್ದು ನಾನು. ನೆನೆದ ದ್ರವವನ್ನು ಜೀವಕೋಶಗಳಿದ್ದ ಒಂದು ತಟ್ಟೆಗೆ ಹಾಕಿದರು, ಪಕ್ಕದ ತಟ್ಟೆಗೆ ಬರೀ ದ್ರವ. ಎರಡೂ ಕೋಶಗಳನ್ನು ಬೆಚ್ಚಗಿಡುವ ಒಂದೇ ಇನ್‌ಕ್ಯುಬೇಟರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದವು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೀನೂ ನೋಡಿದೆ. ಬರೀ ದ್ರವದ ತಟ್ಟೆಯಲ್ಲಿ ಕೋಶಗಳು ಕೈಕಾಲು ಚಾಚಿ ತಳಕ್ಕಂಟಿದ್ದವು. ಪ್ಲಾಸ್ಟಿಕ್ಕಿನದರಲ್ಲಿ ಉಂಡೆಗಟ್ಟಿ ಸತ್ತು ತೇಲುತ್ತಿದ್ದವು. ಬಾಗಿಲು ತೆರೆದಿದ್ದರೆ ಹೊರಗಿನ ಚಳಿ ಒಂದೇ ತಟ್ಟೆಯನ್ನು ಹುಡುಕಿಕೊಂಡು ಹೋಗುತ್ತಿತ್ತೇ? ಇದು ತಿಳಿಯಲು ಡಿಗ್ರಿ ಬೇಕೇ?

ನಾನು ಮರೆತೆ ಎಂದು ಬರೆದರೆ ಈ ಪರೀಕ್ಷೆ ಕಸದ ಬುಟ್ಟಿಗೆ. ಮತ್ತೆ ಮಾಡಲು ಸಮಯವಿಲ್ಲವಂತೆ. ಕಟ್ಟುಹಲ್ಲಿನ ಸರಕು ಹೊರಟುಬಿಡುತ್ತದೆ, ಯಾರದೋ ಬೊಚ್ಚು ಬಾಯಿಗೆ. ಬೆಳಗಿನಿಂದ ಸಂಜೆಯವರೆಗೆ ವಸಡಿಗೆ ಒತ್ತಿಕೊಂಡೇ ಇರುವ ವಸ್ತು ಅದು. ಅವರ ಬಾಯಿ ಉರಿದರೆ ಅವರು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನಿಜ. ನನಗೆ ಮಾತ್ರ ಅನ್ನ ಇಳಿಯುವುದಿಲ್ಲ.

ಹೆದರಿಕೆ ಇಲ್ಲವೆಂದಲ್ಲ. ಅಕ್ಷರ ಸೊಟ್ಟಗಾಗಿರುವುದು ಕಾಣುತ್ತಿದೆಯಲ್ಲ. ಆದರೂ ಸಾಹೇಬರು ಕೊಟ್ಟ ಫಾರಂ ಮೇಲೆಯೇ ಬರೆದೆ: "ಬಾಗಿಲು ಮುಚ್ಚಿತ್ತು. ಪಕ್ಕದ ತಟ್ಟೆ ಬದುಕಿದೆ. ಪ್ಲಾಸ್ಟಿಕ್ಕಿನ ನೀರು ಹಾಕಿದ್ದು ಸತ್ತಿದೆ." ಬರೆದು ಸಹಿ ಹಾಕಿದೆ. ತೆಗೆದರೆ ತೆಗೆಯಲಿ. ನಾಲ್ಕು ಮನೆಯ ನೆಲ ಒರೆಸಿಯಾದರೂ ಬದುಕುತ್ತೇನೆ, ಈ ಸುಳ್ಳು ನನ್ನ ಕೈಲಾಗದು.

ಫಾರಂ ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಸಹಿಯ ಕೆಳಗೆ ಮೇಲ್ವಿಚಾರಕರದ್ದೆಂದು ಒಂದು ಗೆರೆ ಖಾಲಿ ಇದೆ. ಅದು ನಿನ್ನ ಜಾಗ, ಅಣ್ಣಾ.

ನೀನೂ ಸಹಿ ಹಾಕುವೆಯೆಂದು ನಂಬಿರುವ,
ತಂಗಿ