ಬಂದರಿನಲ್ಲಿ ಉಳಿದವಳಿಗೆ

ಹಡಗಿನಿಂದ, ನಡುನೀರಿನಲ್ಲಿ
ತಾರೀಖು ಹದಿನಾಲ್ಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿ ನೋವು ಹೆಚ್ಚಾಗಿಲ್ಲ ತಾನೆ? ಆ ಸಿಮೆಂಟು ನೆಲದ ಮೇಲೆ ಅಷ್ಟು ದೂರ ಓಡಿದವಳು ನೀನು. ಬಂದರಿನ ಏಜೆಂಟರು ನಿನಗೆ ಬಿ.ಪಿ. ಮಾತ್ರೆ ಕೊಡಿಸಿದರಂತೆ, ಲಾಡ್ಜಿನಲ್ಲಿ ಗಾಳಿಯಾಡುವ ಕೋಣೆ ಸಿಕ್ಕಿದೆಯಂತೆ. 'ಅಂತೆ' ಎಂದು ಏಕೆ ಬರೆಯುತ್ತಿದ್ದೇನೆಂದರೆ, ಅವರ ಜೊತೆ ಮಾತಾಡಿದವಳು ಮಗಳು. ನಿನ್ನೆಯಿಂದ ನನ್ನ ಕೈಗೆ ಯಾರೂ ಫೋನು ಕೊಡುತ್ತಿಲ್ಲ. ಹೊಸ ಹಾಸಿಗೆಯಲ್ಲಿ ನಿನಗೆ ನಿದ್ದೆ ಹತ್ತುವುದಿಲ್ಲ ಎಂಬುದು ನನಗೆ ಗೊತ್ತು. ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಮೈ ಕ್ಷೇಮವಾಗಿಯೇ ಇದೆ, ಉಳಿದದ್ದನ್ನು ಕೇಳಬೇಡ.

ಮದುವೆಯಾದಂದಿನಿಂದ 'ಇವಳೇ' ಎಂದೇ ಕರೆದವನು, ಈಗ ಕಾಗದದಲ್ಲಿ ಹೆಸರು ಹಿಡಿದು ಕರೆಯಲು ಮುಖವಿಲ್ಲ. ಸಹಿಸಿಕೋ.

ನಾಳೆ ಬೆಳಗ್ಗೆ ನಮ್ಮ ಹಡಗು ಮುಂದಿನ ಬಂದರಿಗೆ ಬರುತ್ತದೆ. ಏಜೆಂಟರು ನಿನ್ನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆತರುತ್ತಾರೆ. ಅಲ್ಲಿಂದ ನೀನು ಹಡಗು ಹತ್ತಬಹುದು, ಇನ್ನೂ ನಾಲ್ಕು ದಿನದ ಪ್ರಯಾಣ ಉಳಿದಿದೆ. ಆದರೆ ನೀನು ಹೇಳಿ ಕಳಿಸಿದ ಮಾತು ಬೇರೆ. 'ನನ್ನ ಪೆಟ್ಟಿಗೆ ಇಳಿಸಿಬಿಡು ಮಗಾ, ನಾನು ಊರಿಗೆ ಹೋಗ್ತೀನಿ.' ಮಗಳು ಅದನ್ನು ನನಗೆ ಓದಿ ಹೇಳಿ, ಮುಖ ಕೂಡ ನೋಡದೆ ನಿನ್ನ ಬಟ್ಟೆ ಮಡಿಸಲು ಕುಳಿತಳು. ಈಗಲೂ ಮಡಿಸುತ್ತಲೇ ಇದ್ದಾಳೆ. ಈ ಕಾಗದವನ್ನು ಆ ಪೆಟ್ಟಿಗೆಯ ಮೇಲ್ಗಡೆಯೇ ಇಡುತ್ತೇನೆ. ಓದಿ, ಆಮೇಲೆ ಬೇಕಾದ್ದು ಮಾಡು. ನೀನು ಹಡಗಿಗೆ ಬರಬೇಕು ಎನ್ನುವುದಷ್ಟೇ ನನ್ನ ಆಸೆ. ಹಾಗೆ ಕೇಳುವ ಯೋಗ್ಯತೆ ಇದೆಯೇ ಎನ್ನುವುದು ಇನ್ನೊಂದು ಪ್ರಶ್ನೆ.

ನಿನ್ನ ತಮ್ಮ ನೆನಪಿದೆಯಲ್ಲ, ನಾವು ಹೊರಡುವಾಗ ಮನೆ ಬಾಗಿಲಲ್ಲಿ ನಿಂತು ಏನಂದ? 'ಭಾವ, ಮುಂದಿನ ವರ್ಷ ನಾವೂ ಹೋಗ್ಬೇಕು ಅಂತಿದೀವಿ. ಮೊದಲ ಸಲ ಹಡಗು ಹತ್ತೋರು ಏನೇನು ತಿಳ್ಕೊಂಡಿರ್ಬೇಕು, ನೋಡ್ಕೊಂಡು ಬಂದು ಹೇಳಿ.' ನೋಡಿಕೊಂಡು ಬರುವುದೇನು ಬಂತು, ನಿಂತ ಕಾಲಲ್ಲೇ ಹೇಳಿದೆನಲ್ಲ! ಒಂದು ತಿಂಗಳಿಂದ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನಾನು ಅರ್ಧ ಕಪ್ತಾನನಾಗಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹೇಳಿದ ಆಚಾರವೂ ತಪ್ಪೇ.

ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲೇ ಅವರ ಕೈಗೆ ಕೊಡಬೇಕು, ಅವು ಸಂಜೆಗೆ ಕೋಣೆ ಬಾಗಿಲಿಗೆ ಬರುತ್ತವೆ. ಇದು ನನಗೆ ಗೊತ್ತಿತ್ತು. ನೀನು ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ ಎಂದೆ. 'ಹಡಗು ಅಂದ್ರೆ ಸಂತೆ ಗಾಡಿ ಅಂದ್ಕೊಂಡ್ಯಾ, ಎಲ್ಲ ತಕ್ಷಣ ಬರುತ್ತೆ' ಎಂದು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಸಿದವನು ನಾನು. ಮಧ್ಯಾಹ್ನದ ಮಾತ್ರೆಯಿಲ್ಲದೆ, ಬೆವರಿದ ಬಟ್ಟೆಯಲ್ಲೇ ನೀನು ಸಂಜೆತನಕ ಕುಳಿತೆ. ಆಮೇಲೆ ಇಸ್ತ್ರಿ ಪೆಟ್ಟಿಗೆಯ ಕಥೆ. ಹಡಗಿನಲ್ಲಿ ಬೆಂಕಿಯ ಭಯ, ಇಸ್ತ್ರಿ ಪೆಟ್ಟಿಗೆ ತರಬಾರದು ಎಂದು ಟಿಕೇಟಿನಲ್ಲೇ ಬರೆದಿತ್ತು. ನನ್ನ ಅಂಗಿಯ ಮಡಿಕೆ ಕೆಟ್ಟರೆ ಪ್ರಪಂಚ ಮುಳುಗುತ್ತದೆ ನೋಡು! ಟವೆಲಿನಲ್ಲಿ ಸುತ್ತಿ ನಿನ್ನ ಪೆಟ್ಟಿಗೆಯ ತಳಕ್ಕೆ ತಳ್ಳಿದೆ. ತಪಾಸಣೆಯವರು ಅದನ್ನು ಹಿಡಿದು ಕರೆದದ್ದು ಪೆಟ್ಟಿಗೆಯ ಒಡತಿಯನ್ನು. ಕೆಳಗಿನ ಆ ಕೋಣೆಯಲ್ಲಿ, ಚಾಕು ತಂದವರ, ಬಾಟಲಿ ಬಚ್ಚಿಟ್ಟವರ ಸಾಲಿನಲ್ಲಿ ನೀನು ನಿಂತಿದ್ದೆ, ನಾನು ಬಾಗಿಲ ಹೊರಗೆ ಗೋಡೆಯ ಚಿತ್ರ ನೋಡುತ್ತಿದ್ದೆ. ಹೊರಗೆ ಬಂದು ನೀನು ನಕ್ಕುಬಿಟ್ಟೆ. ನೀನು ನಕ್ಕದ್ದರಿಂದ ನನಗೆ ಬುದ್ಧಿ ಬರಲಿಲ್ಲ.

ಇನ್ನು ನಿನ್ನೆಯದು. ಬರೆಯಲೇಬೇಕು.

ನನ್ನ ಕಸುಬು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಸ್ ನಿಲ್ದಾಣದ ಕಂಟ್ರೋಲರ್. ಇಡೀ ನೌಕರಿ ಸೀಟಿ ಊದಿ ಬಸ್ಸು ಬಿಡಿಸಿದವನು. ನಮ್ಮಲ್ಲಿ ಒಂದು ರೂಢಿ: ಬಸ್ಸು ಯಾವ ನಿಲ್ದಾಣದಲ್ಲಿ ನಿಂತಿದೆಯೋ ಆ ನಿಲ್ದಾಣದ ಗಡಿಯಾರವೇ ಗಡಿಯಾರ, ಡ್ರೈವರನ ಕೈಯಲ್ಲಿ ಎಷ್ಟಾದರೂ ಆಗಿರಲಿ. ಆ ರೂಢಿ ನೆತ್ತಿಗೇರಿತ್ತು. ಹಡಗಿನವರು ಕೋಣೆಗೆ ಹಾಕಿದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು: ದಡದ ಊರಿನ ಸಮಯ ಬೇರೆ, ನೀವು ಹಡಗಿನ ಸಮಯಕ್ಕೇ ನಡೆಯಿರಿ. ಓದಿದೆ. ಓದಿಯೂ, ಆ ಊರಿನ ಗೋಪುರದ ಗಡಿಯಾರದ ಕೆಳಗೆ ನಿಂತು ನನ್ನ ವಾಚನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ನಿನ್ನ ಕೈ ಹಿಡಿದು ನಿನ್ನದನ್ನೂ ತಿರುಗಿಸಿದೆ. 'ರೀ, ಹಡಗಿನದ್ದೇ ಇಟ್ಕೊಳ್ಳಿ ಅಂದಿದ್ರಲ್ಲ' ಎಂದೆ ನೀನು. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ, ನಿನಗೆ ನೆನಪಿದ್ದೇ ಇರುತ್ತದೆ.

ಅಳಿಯ, ಮಗಳು, ನಮ್ಮ ಪಿಟೀಲು (ಮೊಮ್ಮಗಳ ಅಳುವಿನ ರಾಗ ನಿನ್ನೆಯಿಂದ ನಿಂತಿದೆ, ಪಾಪ, ಅದಕ್ಕೂ ಅರ್ಥವಾಗಿದೆ) ಮೊದಲೇ ಹಡಗಿಗೆ ಹಿಂತಿರುಗಿ ಈಜುಕೊಳಕ್ಕೆ ಹೋದರು. ನೀನು ನನಗೆಂದು ಆ ಬೀದಿಯಲ್ಲಿ ಬೂಟು ಕೊಂಡೆ. ಬಂದರಿನ ಗೇಟಿನ ತನಕ ನಡೆದು ಬಂದು ಬಿಗಿಯಾಯಿತೆಂದು ನಾನು ಮುಖ ಸಿಂಡರಿಸಿದೆ. 'ನೀವು ಹೋಗಿ ಮಲಗಿ, ನಾನು ಬದಲಾಯಿಸ್ಕೊಂಡು ಬರ್ತೀನಿ, ಟೈಮಿದೆಯಲ್ಲ' ಎಂದೆ ನೀನು. ಟೈಮಿದೆ ಎಂದು ನಾನೂ ಅಂದೆ. ಫೋನು ಬೇರೆ ನಿನ್ನ ಹತ್ತಿರ ಇರಲಿಲ್ಲ. ದಡದಲ್ಲಿ ಬಿಲ್ಲು ಏರುತ್ತದೆಂದು ಕೋಣೆಯಲ್ಲೇ ಬಿಡಿಸಿದವನು ಯಾರೆಂದು ಹೇಳಬೇಕೇ? ಅಂಗೈ ಹುಣ್ಣಿಗೆ ಕನ್ನಡಿ ಏಕೆ.

ನಾನು ಮಲಗಲಿಲ್ಲ. ಹಡಗಿನ ಮೇಲಿನ ಡೆಕ್ಕಿಗೆ ಹೋಗಿ ಕಾಫಿ ಹಿಡಿದು ಕಟಕಟೆಗೆ ಒರಗಿ ನಿಂತೆ. ಊಟದ ಮೇಜಿನಲ್ಲಿ ನಮ್ಮ ಎದುರು ಕೂರುವ ಆ ಹಲ್ಲಿನ ಡಾಕ್ಟರು ಜೊತೆಗಿದ್ದರು. ಸ್ಪೀಕರಿನಲ್ಲಿ ಯಾವುದೋ ಕೋಣೆಯ ನಂಬರು ಕೂಗಿದರು, ಆ ಕೋಣೆಯವರೊಬ್ಬರು ಇನ್ನೂ ಹತ್ತಿಲ್ಲ ಎಂದರು. ಕೋಣೆಯ ನಂಬರು ಬಾಯಿಪಾಠ ಮಾಡು ಎಂದು ನಿನಗೆ ತಾಕೀತು ಮಾಡಿದವನಿಗೆ ತನ್ನ ಕೋಣೆಯ ನಂಬರೇ ನೆನಪಿರಲಿಲ್ಲ. ನನ್ನ ವಾಚಿನ ಪ್ರಕಾರ ನಿನಗಿನ್ನೂ ಹೊತ್ತಿತ್ತು, ಆ ಕೂಗು ನಿನಗಾಗಿ ಎಂದು ಹೊಳೆಯಲೇ ಇಲ್ಲ. ಡಾಕ್ಟರು 'ಅಯ್ಯೋ ಯಾರೋ ಪಾಪ' ಎಂದರು. ನಾನು ಶುರು ಮಾಡಿದೆ: 'ಪಾಪ ಏನು ಸಾರ್, ಇಂಥೋರಿಂದಲೇ ಎಲ್ಲಾ ಲೇಟಾಗೋದು. ನಮ್ಮ ಸ್ಟ್ಯಾಂಡಲ್ಲಿ ನಾನು ಸೀಟಿ ಊದಿದ್ಮೇಲೆ ನಮ್ಮಪ್ಪ ಓಡಿ ಬಂದಿದ್ರೂ ಬಸ್ಸು ನಿಲ್ತಿರ್ಲಿಲ್ಲ.' ಸುತ್ತ ನಾಲ್ಕು ಜನ ತಿರುಗಿ ನಕ್ಕರು. ನಕ್ಕರೆ ನನಗೆ ಸಾಕಲ್ಲ.

ಅಷ್ಟರಲ್ಲಿ ಗೋದಾಮಿನ ಮೂಲೆಯಿಂದ ಒಬ್ಬ ಹೆಂಗಸು ಓಡಿ ಬಂದಳು. ಎದೆಗೊಂದು ಡಬ್ಬಿ ಅವುಚಿಕೊಂಡಿದ್ದಳು. ಹೀಗೆ ಓಡಿ ಬರುವವರನ್ನು ಮೇಲೆ ನಿಂತು ನೋಡುವುದು ಹಡಗಿನವರಿಗೆ ಒಂದು ತಮಾಷೆಯಂತೆ. ಜನ ಕಟಕಟೆಗೆ ಮುಗಿಬಿದ್ದು ಚಪ್ಪಾಳೆ ತಟ್ಟಿದರು, ಕೆಲವರು ಓಡು ಓಡು ಎಂದು ಕೂಗಿದರು. ನಾನು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದೆ. ಹೌದು, ನಾನೇ. ಆ ಶಿಳ್ಳೆ ನಿನಗೆ ಕೇಳಿಸಿತೋ ಇಲ್ಲವೋ ಎಂಬುದನ್ನೇ ರಾತ್ರಿಯಿಂದ ಯೋಚಿಸುತ್ತಿದ್ದೇನೆ. ಕೇಳಿಸಿದ್ದರೆ ಗುರುತು ಸಿಕ್ಕೇ ಸಿಗುತ್ತದೆ, ಇಡೀ ಬಸ್ ಸ್ಟ್ಯಾಂಡಿನಲ್ಲಿ ಅಂಥ ಶಿಳ್ಳೆ ಇನ್ನೊಂದಿರಲಿಲ್ಲ. ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು, ಅಷ್ಟು ಎತ್ತರದಿಂದ ಮನುಷ್ಯರು ಬೆಂಕಿಕಡ್ಡಿಯಷ್ಟು ಕಾಣುತ್ತಾರೆ. ನೀನೆಂದು ತಿಳಿಯುವ ಹೊತ್ತಿಗೆ ಮೆಟ್ಟಿಲು ಎತ್ತಿಯಾಗಿತ್ತು, ಹಡಗಿಗೂ ದಡಕ್ಕೂ ನಡುವೆ ನೀರು ಬಿದ್ದಿತ್ತು. ನೀನು ಬೂಟಿನ ಡಬ್ಬಿಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲಿ ಕುಳಿತುಬಿಟ್ಟೆ. ಆಗ ಚಪ್ಪಾಳೆ ನಿಂತಿತು.

ಮಗಳಿಗೂ ಹೀಗೇ ಹೇಳಿದ್ದೇನೆ. 'ಅಪ್ಪಾ, ನೀವು ಇನ್ನು ಏನೂ ಮಾತಾಡ್ಬೇಡಿ' ಎಂದಳು. ಅಳಿಯ ಒಳ್ಳೆಯವನು, ಬೆಳಗ್ಗೆ ಟೀ ತಂದು ಮುಂದಿಟ್ಟ, ಬೈದಿದ್ದರೆ ವಾಸಿಯಿತ್ತು. ಊಟದ ಕೋಣೆಗೆ ಹೋಗಲು ನಾಚಿಕೆ. ನಮ್ಮ ಮೇಜಿನಲ್ಲಿ ನಿನ್ನ ಕುರ್ಚಿಯನ್ನು ತೆಗೆದಿಲ್ಲ, ತಟ್ಟೆ ಚಮಚ ಎಲ್ಲ ಜೋಡಿಸಿಟ್ಟಿದ್ದಾರೆ, ಬಡಿಸುವವರು ಬಂದು ಬಂದು ನಿನ್ನನ್ನು ಕೇಳುತ್ತಾರೆ. ಇಂಗು ತಿಂದ ಮಂಗನ ಹಾಗೆ ಕುಳಿತು ಎರಡು ತುಂಡು ಬ್ರೆಡ್ಡು ತಿಂದು ಎದ್ದು ಬಂದೆ. ನಾಚಿಕೆಯಾದಾಗ ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಇಲ್ಲಿ ಬಾಯಿ ಬಿಡುವುದಕ್ಕೂ ಭೂಮಿಯಿಲ್ಲ. ಎತ್ತ ನೋಡಿದರೂ ನೀರು.

ಸೀಟಿ ಊದಿ ಬಸ್ಸು ಬಿಟ್ಟ ಮೇಲೆ ಹಿಂದೆ ಓಡಿ ಬರುತ್ತಿದ್ದವರ ಮುಖವನ್ನು ನಾನು ಒಂದು ದಿನವೂ ನೋಡಿದವನಲ್ಲ. ಅವರು ಎಲ್ಲಿ ಕೂರುತ್ತಿದ್ದರು, ರಾತ್ರಿ ಎಲ್ಲಿ ಮಲಗುತ್ತಿದ್ದರು, ಒಂದೂ ಗೊತ್ತಿಲ್ಲ. ನಿನ್ನೆ ನೀನು ಕುಳಿತದ್ದನ್ನು ನೋಡಿದೆ.

ಬಾ, ಮಾರಾಯ್ತಿ. ಬೈಯುವುದಿದ್ದರೆ ಇಲ್ಲೇ ಬಂದು ಬೈ, ನಾಲ್ಕು ದಿನ ಸಾಕಾಗುವಷ್ಟಿದೆ. ನನ್ನ ವಾಚನ್ನು ಪಿಟೀಲಿನ ಕೈಗೆ ಕಟ್ಟಿದ್ದೇನೆ. ಇನ್ನು ಅವಳು ಹೇಳಿದ್ದೇ ಟೈಮು. ನಿನ್ನ ತಮ್ಮನಿಗೆ ಏನು ಹೇಳಬೇಕೋ ಅದನ್ನೂ ನೀನೇ ಹೇಳು. ಏಜೆಂಟರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ನೋಡಿಕೊಂಡ ಲಾಡ್ಜಿನವರ ಹೊಟ್ಟೆ ತಣ್ಣಗಿರಲಿ.

ಇಂತು ನಿನ್ನ,
'ರೀ'

ತಾ.ಕ.: ಮಗಳು ಬೀಗ ಹಾಕಲು ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬಿಸಿಲೂ ಇರಲಿಲ್ಲ, ಎತ್ತರವೂ ಅಡ್ಡ ಬರಲಿಲ್ಲ. ಶಿಳ್ಳೆ ಹಾಕಿ ಬೆರಳು ತೆಗೆಯುವಷ್ಟರಲ್ಲಿ ನೀನೆಂದು ಗೊತ್ತಾಯಿತು. ಒಂದು ಕೈ ಬೀಸದೆ ಓಡುವವಳು ನೀನೊಬ್ಬಳೇ. ಆಗ ಮೆಟ್ಟಿಲು ಇನ್ನೂ ಕೆಳಗೇ ಇತ್ತು. ರೇಡಿಯೋ ಹಿಡಿದಿದ್ದ ಹಡಗಿನ ಹೆಂಗಸು ನಮ್ಮ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು, 'ಇವರ ಕಡೆಯವರು ಯಾರಾದ್ರೂ ಇದ್ದೀರಾ? ಇದ್ರೆ ಒಂದು ನಿಮಿಷ ತಡೀರಿ ಅಂತ ಕೆಳಗಿನೋರಿಗೆ ಹೇಳ್ತೀನಿ.' ಎಲ್ಲರೂ ನಗುತ್ತಿದ್ದರು. ಡಾಕ್ಟರು ನನ್ನನ್ನೇ ನೋಡಿ, 'ನಿಮ್ಮ ಮನೆಯವರ ಹಾಗಿದಾರಲ್ಲ?' ಎಂದರು. ನಾನು 'ಇಲ್ಲ ಸಾರ್, ಯಾರೋ' ಎಂದೆ. ಇದನ್ನು ತಿಳಿಯದೆ ನೀನು ಹಡಗು ಹತ್ತುವುದು ಬೇಡ. ಮಗಳಿಗೆ ಹೇಳಿಲ್ಲ, ಮೊದಲು ನಿನಗೆ. ನಾಳೆ ಪೆಟ್ಟಿಗೆ ಹೊತ್ತು ನಾನೇ ಕೆಳಗಿಳಿದು ಬರುತ್ತೇನೆ, ನೀನು ಓದಿ ಮುಗಿಸುವ ತನಕ ದೂರ ನಿಂತಿರುತ್ತೇನೆ. ಆ ಮುದುಕ ಯಾರ ಕಡೆಯವನು ಎಂದು ಅಲ್ಲಿ ಯಾರಾದರೂ ಕೇಳಿದರೆ, ನೀನು ಏನು ಹೇಳಿದರೂ ಸರಿಯೇ.