ಮುಳ್ಳು ಇಪ್ಪತ್ತು ದಾಟಿರಲಿಲ್ಲ

ಉಮದಿ, ತಾಲೂಕು ಜತ್ತ
೧೭ ನವೆಂಬರ್ ೧೯೫೪

ಪ್ರೀತಿಯ ತಮ್ಮ ಬಸಗೊಂಡಾ,

ನಿನ್ನ ಅಣ್ಣ ಭರಮಣ್ಣನ ಆಶೀರ್ವಾದ. ಮೈಯಲ್ಲಿ ಆರಾಮ ಇದ್ದೀಯಾ? ಜೇಲಿನ ನೆಲ ತಂಪು, ನಿನ್ನ ಹಳೆಯ ಸೊಂಟನೋವು ಎದ್ದಿರಬಹುದು. ಅವ್ವ ತಾನೇ ನೂಲು ತೆಗೆದು ನೇಯಿಸಿದ ಕಂಬಳಿ ನಿನ್ನ ಕೈಗೆ ಕೊಟ್ಟರೋ ಇಲ್ಲವೋ, ಅದನ್ನಾದರೂ ಬರೆಯಬಾರದೇ? ಅಕ್ಷರಗಳೂ ಅಲ್ಲಿ ತುಟ್ಟಿಯೇನು? ನಮ್ಮ ಪತ್ರಗಳನ್ನು ಅಲ್ಲಿನ ಸಾಹೇಬರು ಮೊದಲು ಓದುತ್ತಾರಂತೆ. ಓದಲಿ ಬಿಡು, ಈ ಸಲ ಅವರೂ ಓದಬೇಕು.

ಇಲ್ಲಿ ನಾವು ಇದ್ದೇವೆ, ಅಷ್ಟೆ. ಜೋಳ ಮೊಣಕಾಲೆತ್ತರ ಬಂದಿದೆ. ಅವ್ವ ಉಣ್ಣುತ್ತಾಳೆ, ತಿರುಗಾಡುತ್ತಾಳೆ, ಆದರೆ ಹಣೆಗೆ ಭಂಡಾರ ಹಚ್ಚುವುದನ್ನು ಬಿಟ್ಟು ಹನ್ನೊಂದು ತಿಂಗಳಾಯಿತು. ನೀನು ಅಮೋಗಸಿದ್ದನ ಗುಡಿಯಲ್ಲಿ, ಊರ ಹಿರಿಯರ ಮುಂದೆ, ಆ ಅರಿಸಿನದ ಭಂಡಾರವನ್ನೇ ಮುಟ್ಟಿ "ತಿರುವಿನ್ಯಾಗ ಲಾರಿ ಸ್ಪೀಡಿನ ಮುಳ್ಳು ಇಪ್ಪತ್ತು ದಾಟಿದ್ದಿಲ್ಲರಿ" ಎಂದು ಆಣೆ ಮಾಡಿದೆಯಲ್ಲ, ಅಂದಿನಿಂದ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಬಾಲಗಾಂವದ ತಮ್ಮಣ್ಣ ಪಾಪ, ನಿನ್ನ ಲಾರಿಗೆ ಸಿಕ್ಕು ಆ ತಿರುವಿನಲ್ಲೇ ಸತ್ತುಬಿದ್ದ. ಲಾರಿ ಗಾಳಿಯಂತೆ ಬಂತು ಎಂದು ಕಣ್ಣಾರೆ ಕಂಡವರು ನಾಲ್ಕು ಜನ. ನಿನ್ನ ಮಾತು ಯಾರು ನಂಬುತ್ತಾರೆ? ಕೋರ್ಟು ಎರಡು ವರ್ಷ ಕೊಟ್ಟಿತು. ಅವ್ವ ಅದಕ್ಕೆ ಅಳಲಿಲ್ಲ. "ಜೇಲ ಆಗಲಿ, ತಪ್ಪಿಗಿ ಶಿಕ್ಷಾ. ಆದ್ರ ಸುಳ್ಳಾಣಿ ಮಾಡಿದ ಮಗನ್ನ ಹಡದೀನಿ, ಈ ಹಣಿಗಿ ಭಂಡಾರ ಹ್ಯಾಂಗ ಹಚ್ಚಲಿ?" ಎಂದಳು.

ಈಗ ಕೇಳು. ನೀನು ಓಡಿಸುತ್ತಿದ್ದ ಗುರುಲಿಂಗಪ್ಪ ಸಾವಕಾರರ ಲಾರಿ ಹೋದ ಸೋಮವಾರ ನನ್ನ ಹತ್ತಿರ ದುರಸ್ತಿಗೆ ಬಂದಿತ್ತು. ಜತ್ತದ ದಾರಿಗೆ ಒಯ್ದೆ. ಮುಳ್ಳು ಇಪ್ಪತ್ತರಿಂದ ಕದಲದಂತೆ ಹಿಡಿದು, ಗಡಿಯಾರ ಎದುರಿಗಿಟ್ಟುಕೊಂಡು, ಒಂದು ಮೈಲುಗಲ್ಲಿನಿಂದ ಮುಂದಿನದಕ್ಕೆ ಓಡಿಸಿದೆ. ಗಂಟೆಗೆ ಇಪ್ಪತ್ತು ಮೈಲು ಎಂದರೆ ಒಂದು ಮೈಲಿಗೆ ಮೂರು ಮಿನಿಟು ಬೇಕು. ಎರಡು ಮಿನಿಟು ಹದಿಮೂರು ಸೆಕೆಂಡಿಗೆ ಕಲ್ಲು ಬಂದುಬಿಟ್ಟಿತು! ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ ಹೊತ್ತು. ಮುಳ್ಳು ಇಪ್ಪತ್ತು ಅನ್ನುವಾಗ ಗಾಡಿ ಇಪ್ಪತ್ತೇಳರಲ್ಲಿ ಓಡುತ್ತದಪ್ಪಾ. ಹೋದ ವರ್ಷ ಹಿಂದಿನ ಅಚ್ಚಿನ ಹಲ್ಲುಚಕ್ರ ಸವೆದಾಗ ಮಿಲಿಟರಿ ಗುಜರಿಯಿಂದ ಬೇರೆ ಜೋಡಿ ತಂದು ಹಾಕಿದ್ದೆನಲ್ಲ? ಅದರಿಂದ, ಇಂಜಿನ್ನು ಅಷ್ಟೇ ತಿರುಗಿದರೂ ಗಾಲಿ ಹೆಚ್ಚು ಸುತ್ತುತ್ತದೆ. ಮುಳ್ಳಿನ ತಂತಿ ಹೊರಡುವುದು ಮುಂದಿನ ಗೇರುಪೆಟ್ಟಿಗೆಯಿಂದ. ಹಿಂದೆ ಏನು ಬದಲಾಯಿತೋ ಅದಕ್ಕೇನು ಗೊತ್ತು? ನೀನು ಕಂಡದ್ದನ್ನೇ ಹೇಳಿದೆ. ಆ ನಾಲ್ಕು ಜನರೂ ಕಂಡದ್ದನ್ನೇ ಹೇಳಿದರು. ನನಗೂ ಇದು ಈಗ ತಿಳಿಯಿತು, ದೇವರಾಣೆ.

ಧೈರ್ಯ ಬಿಡಬೇಡ. ಹೊಟ್ಟೆ ತುಂಬ ಉಣ್ಣು, ಹಠ ಮಾಡಬೇಡ. ಅಮೋಗಸಿದ್ದ ನಿನ್ನ ಬೆನ್ನಿಗಿರಲಿ.

ನಿನ್ನ ಅಣ್ಣ,
ಭರಮಣ್ಣ ಮಿಸ್ತ್ರಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಮೇಲೆ 'ಈಗ ತಿಳಿಯಿತು' ಎಂದು ಬರೆದದ್ದು ಸುಳ್ಳು. ಹಿಂದಿನ ಜೋಡಿ ಬದಲಿಸಿದರೆ ಮುಳ್ಳಿನ ತಂತಿಯ ಸಣ್ಣ ಹಲ್ಲುಚಕ್ರವನ್ನೂ ಬದಲಿಸಬೇಕೆಂದು ನನಗೆ ಅಂದೇ ಗೊತ್ತಿತ್ತು. "ಮುಳ್ಳ ನೋಡಿ ಯಾಂವ ಗಾಡಿ ಹೊಡೀತಾನ" ಎಂದು ಬಿಟ್ಟುಬಿಟ್ಟೆ. ನೀನು ನೋಡಿ ಹೊಡೆಯುತ್ತಿದ್ದೆ. ಎಷ್ಟು ತಪ್ಪಿದೆ ಎಂಬುದನ್ನಷ್ಟೇ ಸೋಮವಾರ ಅಳೆದೆ. ನೀನು ಆಣೆ ಮಾಡುವಾಗ ನಾನು ಗುಡಿಯ ಕಂಬಕ್ಕೆ ಒರಗಿ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಇನ್ನು ಯಾರೂ ನನಗೆ ದುರಸ್ತಿಗೆ ಗಾಡಿ ಕೊಡಲಿಕ್ಕಿಲ್ಲ ಎಂದು ಹೆದರಿದೆ, ತಮ್ಮಾ. ನಾಳೆ ವಕೀಲರಿಗೆ ಎಲ್ಲ ಬರೆದುಕೊಡುತ್ತೇನೆ. ತಮ್ಮಣ್ಣನ ಹೆಂಡತಿ ಅಕ್ಕವ್ವನ ಕಾಲಿಗೂ ಬೀಳುತ್ತೇನೆ. ಅವ್ವನಿಗೆ ಈಗಷ್ಟೇ ಹೇಳಿದೆ. ಎದ್ದು ಭಂಡಾರದ ಚೀಲ ಬಿಚ್ಚಿ ಹಣೆಗೆ ಹಚ್ಚಿಕೊಂಡಳು. ನಿನ್ನ ಮಗಳನ್ನು ಕರೆದು ಅವಳಿಗೂ ಹಚ್ಚಿದಳು. ನನಗೆ ಹಚ್ಚಲಿಲ್ಲ.